ಹಿಂದಿನ ಶಾಕ್ ಎರಡು

ನಮ್ಮ ಭಾವನಿಗೆ ಬೇರೆಯವರು ಬರೆದದ್ದರಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ರಸ್ತೆಯ ಆಚೆ ಬದಿಯಿಂದಲೇ ಕಾಣುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಬೆನ್ನ ಮೇಲಿನ ಬರಹ, ಔಷಧಿಯ ಚೀಟಿ, ಯಾವುದನ್ನೂ ಬಿಡುವುದಿಲ್ಲ. ಜೇಬಿನ ಕೆಂಪು ಪೆನ್ನು ಹೊರಗೆ ಬಂದೇ ಬರುತ್ತದೆ. ಆದರೆ ತನ್ನದೇ ಕಾರಿನ ಹಿಂಚಕ್ರಗಳ ಪಕ್ಕದಲ್ಲಿ ನಾಲ್ಕು ವರ್ಷದಿಂದ ಎಣ್ಣೆ ಸೋರುತ್ತಿದ್ದದ್ದು ಆ ಮನುಷ್ಯನಿಗೆ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು. ಪ್ರತಿ ಭಾನುವಾರ ಗಾಡಿಯ ಕೆಳಗೆ ತಲೆ ತೂರಿಸಿ, ಹರಿದ ಬನಿಯನ್ ತುಂಡಿನಿಂದ ಆ ಎಣ್ಣೆ ಒರೆಸಿ, ಕೊಳವೆ ಫಳಫಳ ಹೊಳೆಯುವಂತೆ ಮಾಡಿ, "ಗಾಡಿ ಹೇಗೆ ಇಟ್ಟಿದ್ದೇನೆ ನೋಡು" ಎಂದು ನನಗೇ ತೋರಿಸುತ್ತಿದ್ದ. ಇಪ್ಪತ್ತಾರು ವರ್ಷದಿಂದ ಗ್ಯಾರೇಜು ನಡೆಸುತ್ತಿರುವ ನನಗೆ!

ಎದುರಿಗೆ ನಾನು ಅವನನ್ನು 'ನೀವು' ಎಂದೇ ಕರೆಯುತ್ತೇನೆ. ಅಕ್ಕನ ಗಂಡ, ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಮಾಡಿ ಹೆಡ್‌ಮಾಸ್ತರಾಗಿ ನಿವೃತ್ತನಾದವನು, ಊರೆಲ್ಲ ಮೇಷ್ಟ್ರೇ ಎಂದು ಕೈ ಎತ್ತುವವನು. ಮನಸ್ಸಿನೊಳಗೆ ಮಾತ್ರ ಆ ಬಹುವಚನ ಒಂದು ದಿನವೂ ಹುಟ್ಟಿಲ್ಲ.

ಅವನ ಕಾರು ತನ್ನ ಪಾಡಿಗೆ ಕುಣಿದುಕೊಂಡಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅದರಲ್ಲಿ ಹೋಗಬೇಕಾದವಳು ಅಕ್ಕ. ಅವಳ ಬೆನ್ನುಮೂಳೆಗೆ ಆಪರೇಷನ್ ಆಗಿತ್ತು. ನಾಲ್ಕು ಸ್ಕ್ರೂ, ಎರಡು ಸರಳು. ಮೂಳೆ ಬೆಳೆದು ಆ ಸ್ಕ್ರೂಗಳನ್ನು ಕಚ್ಚಿಕೊಳ್ಳುವ ತನಕ ಕೂರುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಆಸ್ಪತ್ರೆಗೆ ಎಂಬತ್ತು ಕಿಲೋಮೀಟರ್. ಅಷ್ಟು ದೂರವೂ ಹಲಗೆಯ ಮೇಲೆ ಅಂಗಾತ ಮಲಗಿಯೇ ಹೋಗಬೇಕು. ಭಾವನ ಗಾಡಿ ಹತ್ತೊಂಬತ್ತು ವರ್ಷದ್ದು, ಹಿಂಬದಿ ಉದ್ದ. ಸೀಟು ಮಡಚಿದರೆ ಡಿಕ್ಕಿಯವರೆಗೂ ಒಂದೇ ಮಟ್ಟವಾಗುತ್ತದೆ. ನಾನೇ ಹಲಗೆ ಕೊಯ್ಯಿಸಿ, ಮೇಲೆ ಮೂರು ಬೆರಳು ದಪ್ಪ ಸ್ಪಂಜು ಅಂಟಿಸಿ, ಎರಡು ಪಟ್ಟಿ ಹೊಡೆದು ಕೊಟ್ಟಿದ್ದೆ. ಬಾಡಿಗೆ ಕಾರಿನಲ್ಲಿ ಆ ಹಲಗೆ ಹಿಡಿಸುವುದಿಲ್ಲ. ಆಂಬುಲೆನ್ಸಿನ ಸ್ಪ್ರಿಂಗ್ ಪಟ್ಟಿ ಬದಲಿಸುವವನೂ ನಾನೇ. ಅದು ಸಿಮೆಂಟು ಹೊರುವ ಲಾರಿಯ ಒಡಹುಟ್ಟು, ಅದರಲ್ಲಿ ಗಟ್ಟಿಮುಟ್ಟಾದವನೇ ಅರ್ಧ ಸಾಯುತ್ತಾನೆ. ಹಾಗಾಗಿ ಭಾವನ ಗಾಡಿಯೇ ಗತಿ. ಹಲಗೆಯ ಮೇಲೆ ಮಲಗಿದರೆ ಅಕ್ಕನ ಸೊಂಟ ಬರುವುದು ಸರಿಯಾಗಿ ಹಿಂಚಕ್ರಗಳ ಅಚ್ಚಿನ ಮೇಲೆ.

ಚಕ್ರ ಗುಂಡಿಗೆ ಇಳಿದರೆ ಸ್ಪ್ರಿಂಗು ಕುಣಿಯುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದೇ ಶಾಕ್. ಒಳಗಿನ ಎಣ್ಣೆ ಹೋದರೆ ಅದು ಶಾಕ್ ಅಲ್ಲ, ಕೊಳವೆ. ಕಳೆದ ತಿಂಗಳು ಆ ಎರಡು ಕೊಳವೆಗಳ ಮೇಲೆ ಅಕ್ಕ ಆಸ್ಪತ್ರೆಗೆ ಹೋಗಿ ಬಂದಳು. ಹಲ್ಲು ಕಚ್ಚಿಕೊಂಡು ಹೋದಳು. ಮಾತಿಗೆ ಹೇಳುವುದಲ್ಲ, ಎರಡು ದಿನ ದವಡೆ ಬಾತುಕೊಂಡಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು, "ಒಂದು ಸ್ಕ್ರೂ ಕೂದಲೆಳೆಯಷ್ಟು ಜರುಗಿದೆ. ಇನ್ನೊಂದು ಸಲ ಹೀಗೆ ಕುಲುಕಿಸಿಕೊಂಡು ಬಂದರೆ ಮತ್ತೆ ಕೊಯ್ಯಬೇಕಾಗುತ್ತೆ" ಎಂದಿದ್ದರು. ಅದಕ್ಕೆ ಭಾವ ಕೊಟ್ಟ ಉತ್ತರ: "ರಸ್ತೆ ಬಹಳ ಕೆಟ್ಟಿದೆ, ಡಾಕ್ಟರೇ."

ಮುಂದಿನ ಪರೀಕ್ಷೆ ಗುರುವಾರ ಇತ್ತು. ಮಂಗಳವಾರ ನಾನು ಅವರ ಮನೆಗೆ ಹೋಗಿ, ಗಾಡಿಯ ಹಿಂಬದಿಯ ಮೂಲೆಗೆ ಎರಡು ಅಂಗೈ ಊರಿ, ಮೈಭಾರವೆಲ್ಲ ಬಿಟ್ಟು ಒತ್ತಿ ಕೈ ತೆಗೆದೆ. ಗಾಡಿ ಎದ್ದಿತು, ಇಳಿಯಿತು, ಮತ್ತೆ ಎದ್ದಿತು, ಮತ್ತೆ ಇಳಿಯಿತು.

"ನೋಡಿ ಭಾವ. ಒಂದು ಸಲ ಎದ್ದು ನಿಂತುಬಿಡಬೇಕು. ಇದು ತೊಟ್ಟಿಲು ತೂಗ್ತಾ ಇದೆ."

"ಮೆತ್ತಗಿದೆ. ಅದು ಗುಣ, ದೋಷವಲ್ಲ."

"ಮೆತ್ತಗಲ್ಲ, ಸತ್ತಿದೆ. ಹಿಂದಿನ ಶಾಕ್ ಎರಡೂ ಹೋಗಿವೆ."

"ಶಾಕ್ ಎನ್ನಬೇಡ. ಶಾಕ್ ಎಂದರೆ ಆಘಾತ. ಆಘಾತ ಹೋಗಿದ್ದರೆ ಒಳ್ಳೆಯದೇ ಆಯಿತಲ್ಲ? ಹೋಗಿರುವುದು ಆಘಾತಶಮಕ."

"ಏನೋ ಒಂದು ಹೋಗಿದೆ!"

"ಏನೋ ಒಂದು ಅಲ್ಲ. ಪದ ಸರಿಯಿದ್ದರೆ ಕೆಲಸ ಸರಿಯಾಗುತ್ತದೆ. ನೀನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿನಗೆ ಹೇಗೆ ತಿಳಿಯಬೇಕು."

"ಏಳನೇ ಕ್ಲಾಸಿನವನ ಕೈಲಿ ಸ್ಪ್ಯಾನರ್ ಇದೆ ಭಾವ. ನಿಮ್ಮ ಕೈಲಿ ಏನಿದೆ? ಸೀಮೆಸುಣ್ಣ."

ಕೋಣೆಯ ಕಿಟಕಿಯಿಂದ ಅಕ್ಕನ ಗಂಟಲು ಕೇಳಿತು. ಬೆನ್ನು ಅಲುಗಿಸುವ ಹಾಗಿಲ್ಲದ ಮೇಲೆ ಅವಳ ಶಕ್ತಿಯೆಲ್ಲ ಗಂಟಲಿಗೇ ಬಂದು ಸೇರಿತ್ತು.

"ರೀ! ನನ್ನ ಬೆನ್ನಲ್ಲಿರೋದು ಸ್ಕ್ರೂ, ಪದ ಅಲ್ಲ! ನಾಳೆ ಅವನು ಬದಲಾಯಿಸ್ತಾನೆ, ನೀವು ಸುಮ್ಮನೆ ಟಾರ್ಚ್ ಹಿಡೀರಿ. ಇಲ್ದಿದ್ರೆ ನಾನು ಎಲ್ಲಿಗೂ ಬರಲ್ಲ, ಇಲ್ಲೇ ತುಕ್ಕು ಹಿಡೀತೀನಿ."

"ಆಯಿತು, ಬದಲಾಯಿಸಲಿ. ಆದರೆ ಸಾಮಾನು ನಾನೇ ತರುತ್ತೇನೆ. ಈ ಮೆಕ್ಯಾನಿಕ್ಕುಗಳು ತಂದರೆ ಅಂಗಡಿಯವನೂ ಇವರೂ ಸೇರಿಕೊಂಡು..." ಎಂದು ಭಾವ ಮಾತು ಅರ್ಧಕ್ಕೆ ನಿಲ್ಲಿಸಿ ಗೇಟಿನ ಕಡೆ ನೋಡಿದ. ಅರ್ಧದಲ್ಲೇ ನನಗೆ ಪೂರ್ತಿ ತಲುಪಿತ್ತು. ಬೇರೆ ಯಾರಾದರೂ ಅಂದಿದ್ದರೆ ಕಾಲರ್ ನನ್ನ ಮುಷ್ಟಿಯಲ್ಲಿರುತ್ತಿತ್ತು.

"ತನ್ನಿ. ಎರಡು ತನ್ನಿ. ಒಂದು ಬದಿ ಹೊಸದು, ಒಂದು ಬದಿ ಹಳೇದು ಹಾಕೋಕಾಗಲ್ಲ."

"ಅವಳ ಹಲಗೆ ಇರುವುದು ಎಡಗಡೆಗಲ್ಲವೇ? ಎಡಗಡೆಯದು ಒಂದು ಸಾಕಾಗದೇ?"

ಇದಕ್ಕೆ ಉತ್ತರ ಕೊಟ್ಟವಳು ಅಕ್ಕ. ಆ ಉತ್ತರ ಅಚ್ಚಿನಲ್ಲಿ ಬರುವಂಥದ್ದಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಭಾವ ಗಾಡಿ ತಂದು ನನ್ನ ಶೆಡ್ಡಿನೊಳಗೆ ನಿಲ್ಲಿಸಿದ. ಹೊಸ ಶಾಕ್‌ಗಳನ್ನು ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಬಂದಿದ್ದ.

"ಡಬ್ಬ ಎಲ್ಲಿ?"

"ಮನೆಯಲ್ಲಿಟ್ಟೆ. ಗಟ್ಟಿ ರಟ್ಟು. ನಿಘಂಟು ಇಡಲು ಸರಿಯಾಗುತ್ತದೆ."

ಡಬ್ಬದ ಮೇಲೆ ನಂಬರು ಇರುತ್ತದೆ. ಯಾವ ಗಾಡಿಯದು, ಯಾವ ವರ್ಷದ್ದು ಎಂದು ಹೇಳುವುದು ಆ ನಂಬರು. ಅದನ್ನು ಕೇಳಬೇಕಿತ್ತು. ಕೇಳಲಿಲ್ಲ. ನಿಘಂಟು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ತಲೆ ಕಾದುಹೋಗಿತ್ತು.

ಹಿಂಬದಿ ಎತ್ತಿ, ಗಾಡಿಯ ಮೈಗೆ ಎರಡು ಸ್ಟ್ಯಾಂಡು ಕೊಟ್ಟು, ಅಚ್ಚಿನ ಕೆಳಗೆ ಜ್ಯಾಕ್ ನಿಲ್ಲಿಸಿದೆ. ಈ ಕೆಲಸದಲ್ಲಿ ಎರಡೂ ಶಾಕ್ ಒಟ್ಟಿಗೆ ಬಿಚ್ಚಬಾರದು. ಬಿಚ್ಚಿದರೆ ಅಚ್ಚು ಜೋತುಬಿದ್ದು ಸ್ಪ್ರಿಂಗು ಹಾರಿ ಬರುತ್ತದೆ, ಯಾರ ಹಲ್ಲಿಗೆ ಬೀಳುತ್ತದೋ ಹೇಳಲಾಗದು. ಮೊದಲು ಎಡಗಡೆ. ಡಿಕ್ಕಿಯ ಒಳಗಿನ ಮುಚ್ಚಳ ತೆಗೆದರೆ ಮೇಲಿನ ನಟ್ಟು ಸಿಗುತ್ತದೆ. ಬಿಚ್ಚಲು ಹೋದರೆ ನಟ್ಟಿನ ಜೊತೆ ಸರಳೂ ತಿರುಗುತ್ತದೆ. ಸರಳನ್ನು ಚಿಕ್ಕ ಸ್ಪ್ಯಾನರಿನಲ್ಲಿ ಹಿಡಿದು ನಟ್ಟನ್ನು ದೊಡ್ಡದರಲ್ಲಿ ತಿರುಗಿಸಬೇಕು. ಕೆಳಗಿನ ಬೋಲ್ಟು ಹತ್ತೊಂಬತ್ತು ವರ್ಷದ ತುಕ್ಕಿನಲ್ಲಿ ಅಚ್ಚಿಗೆ ಬೆಸೆದುಕೊಂಡಿತ್ತು. ಎಣ್ಣೆ ಚಿಮುಕಿಸಿದೆ, ಕಾದೆ, ಸುತ್ತಿಗೆಯಿಂದ ಹೊಡೆದೆ, ಅದರ ವಂಶವನ್ನೆಲ್ಲ ಜಾಲಾಡಿದೆ.

ಭಾವ ಟೈರಿನ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದ. ಟಾರ್ಚು ಅವನ ಕೈಯಲ್ಲಿತ್ತು, ಬೆಳಕು ಮಾತ್ರ ಗೋಡೆಯ ಮೇಲಿತ್ತು.

"ಇಲ್ಲಿ ಹಿಡೀರಿ ಭಾವ! ಗೋಡೆಗೆ ಶಾಕ್ ಇಲ್ಲ!"

"ನಿನ್ನ ಬೋರ್ಡು ಓದುತ್ತಿದ್ದೆ. 'ಇಲ್ಲಿ ಪಂಚರ್ ಹಾಕಲಾಗುವುದು'. ಪಂಚರ್ ಹಾಕುತ್ತೀಯೋ, ತೆಗೆಯುತ್ತೀಯೋ? ಬಂದವರ ಟೈರಿಗೆ ನೀನೇ ತೂತು ಮಾಡುತ್ತೀಯ ಎಂಬ ಅರ್ಥ ಬರುತ್ತದೆ."

"ಇಪ್ಪತ್ತಾರು ವರ್ಷದಿಂದ ಎಲ್ಲರಿಗೂ ಅರ್ಥ ಆಗಿದೆ."

"ಅಭ್ಯಾಸವಾಗಿದೆ. ಅರ್ಥವಾಗಿಲ್ಲ."

ಆ ಕ್ಷಣದಲ್ಲೇ ಬೋಲ್ಟು ಬಿಟ್ಟಿತು. ಹಳೆಯ ಶಾಕನ್ನು ಎಳೆದು ತೆಗೆದು, ಭಾವನ ಕಡೆ ಎಸೆಯಬೇಕು ಎನ್ನಿಸಿದ್ದನ್ನು ಗುಜರಿ ಮೂಲೆಗೆ ಎಸೆದೆ. ತಪ್ಪು ಆಗಿದ್ದು ಅಲ್ಲಿಯೇ. ಹಳೆಯ ಸಾಮಾನನ್ನೂ ಹೊಸ ಸಾಮಾನನ್ನೂ ಪಕ್ಕಪಕ್ಕ ಇಟ್ಟು ನೋಡದೆ ಯಾವುದನ್ನೂ ಗಾಡಿಗೆ ಕೂರಿಸಬಾರದು. ನನ್ನ ಹತ್ತಿರ ಕೆಲಸಕ್ಕಿದ್ದವರೆಲ್ಲ ಈ ಮಾತಿಗೆ ನನ್ನ ಬಾಯಲ್ಲಿ ಬೈಸಿಕೊಂಡೇ ಹೋಗಿದ್ದಾರೆ. ಅವತ್ತು ನಾನೇ ನೋಡಲಿಲ್ಲ. ಪಂಚರ್ ಹಾಕುವುದೋ ತೆಗೆಯುವುದೋ ಎಂಬುದಕ್ಕೆ ತಕ್ಕ ಉತ್ತರ ಹುಡುಕುತ್ತಿದ್ದೆ.

ಹೊಸದನ್ನು ನೆಟ್ಟಗೆ ಹಿಡಿದು ಐದಾರು ಸಲ ಒತ್ತಿ ಎಳೆದು, ಒಳಗಿನ ಗಾಳಿ ಬಿಡಿಸಿ, ಜಾಗಕ್ಕೆ ಕೂರಿಸಿದೆ. ಸ್ವಲ್ಪ ಜಾಸ್ತಿಯೇ ಅದುಮಬೇಕಾಯಿತು. ಹೊಸದು, ಬಿಗಿ ಇರುತ್ತದೆ ಅಂದುಕೊಂಡೆ. ಬಲಗಡೆಯದೂ ಹಾಗೆಯೇ. ಗಾಡಿ ಇಳಿಸಿ ಮೂಲೆ ಒತ್ತಿದೆ. ಕಲ್ಲು. ಎದ್ದು ನಿಂತುಬಿಟ್ಟಿತು. ಎದೆಯುಬ್ಬಿಸಿಕೊಂಡು ಅಕ್ಕನಿಗೆ ಫೋನು ಮಾಡಿದೆ.

"ಆಯ್ತು ಕಣಕ್ಕ. ನಾಳೆ ಹೂವಿನ ಮೇಲೆ ಹೋದ ಹಾಗೆ ಹೋಗ್ತೀಯ."

"ಯಾರನ್ನ ಮಲಗಿಸಿ ನೋಡಿದ್ಯೋ?"

"ಯಾರನ್ನೂ ಇಲ್ಲ. ಕೈಯಲ್ಲಿ ಒತ್ತಿ ನೋಡಿದೆ."

"ಹಾಗಾದ್ರೆ ನಾಳೆ ನನ್ನನ್ನ ಮಲಗಿಸಿ ನೋಡ್ತೀಯೇನೋ? ನಾನೇನು ಮರಳು ಮೂಟೆನಾ? ನಿಮ್ಮ ಭಾವ ಅಲ್ಲೇ ಇದ್ದಾರಲ್ಲ, ಅವರನ್ನ ಮಲಗ್ಸು. ತೂಕ ಹೆಚ್ಚು ಕಮ್ಮಿ ಒಂದೇ."

ಭಾವ ಮಲಗುವುದಕ್ಕೆ ಒಪ್ಪಿದ್ದು ಹೆಂಡತಿಯ ಭಯಕ್ಕೆ. ಹಲಗೆಯ ಮೇಲೆ ಅಂಗಾತ ಮಲಗಿ, ಕನ್ನಡಕ ಸರಿಮಾಡಿಕೊಂಡು, ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡ. ನಾನು ಎರಡೂ ಪಟ್ಟಿ ಬಿಗಿದು ಗಾಡಿ ಹೊರಡಿಸಿದೆ. ಇಟ್ಟಿಗೆ ಗೂಡಿನ ಕಡೆ ಹೋಗುವ ದಾರಿ ಹಿಡಿದೆ. ಲಾರಿಗಳು ಓಡಾಡಿ ಓಡಾಡಿ ಆ ದಾರಿಯಲ್ಲಿ ಗುಂಡಿಗಳ ಮಧ್ಯೆ ಅಲ್ಲಲ್ಲಿ ಡಾಂಬರು ಉಳಿದಿದೆ.

ಚಿಕ್ಕ ಚಿಕ್ಕ ಹೊಂಡಗಳಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ಹಲಗೆಯ ಮೇಲಿಂದ ವರದಿ ಬರುತ್ತಿತ್ತು.

"ಉತ್ತಮ... ಈಗ ಶಮನವಾಗುತ್ತಿದೆ. ನೋಡು, ಆಘಾತಶಮಕ ಎಂಬ ಪದ ಎಷ್ಟು ಅರ್ಥಪೂರ್ಣ..."

ದೊಡ್ಡ ಗುಂಡಿ ಬಂತು. ಹಿಂಚಕ್ರಗಳು ಇಳಿದು ಏರುವಾಗ ಗಾಡಿಯ ಹೊಟ್ಟೆಯಲ್ಲಿ ಧಡ್ ಎಂದಿತು.

"ಅಯ್ಯಯ್ಯೋ, ಸತ್ತೆ ಕಣೋ!"

ಮೂವತ್ತನಾಲ್ಕು ವರ್ಷದ ಗ್ರಾಂಥಿಕ ಭಾಷೆ ಒಂದೇ ಗುಂಡಿಯಲ್ಲಿ ಉದುರಿಹೋಯಿತು. ಕನ್ನಡಕ ಎಲ್ಲಿಗೋ ಹಾರಿತ್ತು. ನಾನು ಸ್ಟೇರಿಂಗಿನ ಮೇಲೆ ಬಿದ್ದು ನಕ್ಕೆ. ನಗುವಿನಲ್ಲೇ ಇನ್ನೊಂದು ಗುಂಡಿಗೂ ಇಳಿಸಿದೆ. ಮತ್ತೆ ಧಡ್. ಈ ಸಲ ನನ್ನ ನಗು ನಿಂತಿತು. ಅದು ಸ್ಪ್ರಿಂಗಿನ ಸದ್ದಲ್ಲ, ರಬ್ಬರಿನದೂ ಅಲ್ಲ. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಶಾಕ್ ಒಳಗೆ ಸರಿಯುವಷ್ಟೂ ಸರಿದು, ಇನ್ನು ಜಾಗವಿಲ್ಲದೆ, ತಳಕ್ಕೆ ಗುದ್ದುತ್ತಿತ್ತು. ಹಳೆಯ ಕೊಳವೆಗಳು ಅಕ್ಕನನ್ನು ಬರೀ ಕುಣಿಸುತ್ತಿದ್ದವು. ಇವು ಅವಳ ಸೊಂಟಕ್ಕೆ ನೇರವಾಗಿ ಸುತ್ತಿಗೆಯೇಟು ಹಾಕುತ್ತಿದ್ದವು. ಆ ನಾಲ್ಕು ಸ್ಕ್ರೂಗಳು ಇಂಥ ಏಟು ಎಷ್ಟು ತಡೆದಾವು?

ಗಾಡಿ ನಿಲ್ಲಿಸಿ ಪಟ್ಟಿ ಬಿಚ್ಚಿದೆ. ಭಾವ ಸೊಂಟಕ್ಕೆ ಕೈ ಕೊಟ್ಟುಕೊಂಡು ಇಳಿದು ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತ. ಇಟ್ಟಿಗೆ ಗೂಡಿನ ಹೊಗೆಯ ಕಡೆ ನೋಡುತ್ತಾ ಕೇಳಿದ.

"ಕಳೆದ ತಿಂಗಳು... ಅವಳಿಗೂ ಹೀಗೇ ಆಗಿತ್ತೇನೋ?"

"ಹೀಗಲ್ಲ, ಬೇರೆ ಥರ. ಹೋಗ್ತಾ ಎಂಬತ್ತು ಕಿಲೋಮೀಟರು, ಬರ್ತಾ ಎಂಬತ್ತು ಕಿಲೋಮೀಟರು. ನೀವು ಮಲಗಿದ್ದು ಎರಡು ಕಿಲೋಮೀಟರು."

"ನಾನು ಅವಳಿಗೆ, ಸ್ವಲ್ಪ ತಡೆದುಕೋ, ಎಂದು ಹೇಳಿದ್ದೆ."

ನಾನು ಸಮಾಧಾನ ಹೇಳುವ ಬದಲು ಗಾಡಿ ತಿರುಗಿಸಿದೆ. ಹೇಳುವ ಮನಸ್ಸೂ ಇರಲಿಲ್ಲ.

ಶೆಡ್ಡಿಗೆ ವಾಪಸ್ ಬಂದು ಒಂದು ಹೊಸ ಶಾಕ್ ಬಿಚ್ಚಿದೆ. ಗುಜರಿ ಮೂಲೆಯಿಂದ ಹಳೆಯದನ್ನು ಹುಡುಕಿ ತಂದು, ಪೂರ್ತಿ ಎಳೆದು, ಎರಡನ್ನೂ ನೆಲದ ಮೇಲೆ ಜೋಡಿಸಿದೆ. ಕೆಳಗಿನ ಕಣ್ಣು ಒಂದೇ, ಮೇಲಿನ ನಟ್ಟು ಒಂದೇ, ಬಣ್ಣವೂ ಒಂದೇ. ಉದ್ದ ಮಾತ್ರ ಹೊಸದು ಮೂರು ಬೆರಳು ಜಾಸ್ತಿ. ಬೆಳಿಗ್ಗೆ ಅರ್ಧ ನಿಮಿಷ ನೋಡಿದ್ದರೆ ಕುರುಡನಿಗೂ ಗೊತ್ತಾಗುತ್ತಿತ್ತು.

"ಯಾವ ಗಾಡಿದು ತಂದ್ರಿ ಭಾವ ಇದು?" ಎಂದು ಅರಚಿದೆ. ಅರ್ಧ ಅರಚಿದ್ದು ನನ್ನ ಮೇಲೆಯೇ, ಆದರೆ ಅದು ಅವನಿಗೆ ಗೊತ್ತಾಗುವ ಅಗತ್ಯವಿರಲಿಲ್ಲ.

"ನಮ್ಮ ಗಾಡಿಯದೇ. ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ, ಸ್ಪಷ್ಟವಾಗಿ."

"ನಡೀರಿ."

ಬಿಡಿಭಾಗದ ಅಂಗಡಿಯವನನ್ನು ಊರೆಲ್ಲ ವಾಷರಣ್ಣ ಎಂದು ಕರೆಯುತ್ತದೆ. ಕನ್ನಡಕ ಹಣೆಯ ಮೇಲೇರಿಸಿ, ಮೂಗಿನ ಹತ್ತಿರ ಸಾಮಾನು ಹಿಡಿದು ನೋಡುವ ಮನುಷ್ಯ. ನಾನು ಹೊಸ ಶಾಕನ್ನೂ ಹಳೆಯದನ್ನೂ ಕೌಂಟರಿನ ಮೇಲೆ ಕುಕ್ಕಿದೆ.

"ಏನಣ್ಣ ಇದು? ಮನುಷ್ಯರನ್ನ ಕೊಲ್ಲೋ ಅಂಗಡಿ ಯಾವಾಗ ತೆಗೆದೆ?"

"ಕೂಗಬೇಡ. ಕೇಳಿದ್ದನ್ನ ಕೊಟ್ಟಿದ್ದೀನಿ." ಕಂಬಿಗೆ ಚುಚ್ಚಿದ್ದ ಚೀಟಿಗಳಲ್ಲಿ ಒಂದನ್ನು ಕಿತ್ತು ಓದಿದ. "ಇಗೋ. 'ಹಿಂದಿನ ಆಘಾತಶಮಕ, ಎರಡು.' ಮೊದಲು ನನಗೆ ಆಘಾತಶಮಕ ಅಂದ್ರೇನು ಅಂತಲೇ ಗೊತ್ತಾಗಲಿಲ್ಲ. ಪಕ್ಕದ ಔಷಧಿ ಅಂಗಡಿಯವನಿಗೆ ತೋರಿಸಿದೆ. ತಲೆನೋವಿನ ಮಾತ್ರೆ ಇರಬೇಕು ಅಂದ. ಆಮೇಲೆ ಮೇಷ್ಟ್ರೇ ಕೈ ಮೇಲೆ ಕೆಳಗೆ ಮಾಡಿ ತೋರಿಸಿದ್ರು."

"ಶಾಕ್ ಅನ್ನೋದು ಗೊತ್ತಾಯ್ತಲ್ಲ? ಮತ್ತೆ?"

"ಈ ಗಾಡಿದು ಎರಡು ಮಾಡೆಲ್ ಇದೆ. ಆಮೇಲೆ ಬಂದದ್ದು ತಗ್ಗು, ಅದಕ್ಕೂ ಹಿಂದಿನದು ಎತ್ತರ. ಬಿಡಿಯಾಗಿ ಸಿಗೋದು ಡಿಕ್ಕಿ ಕಡೆದು ಮಾತ್ರ, ಹಾಗಾಗಿ ಯಾವ ಕಡೆದು ಅಂತ ಕೇಳೋ ಪ್ರಶ್ನೆನೇ ಇಲ್ಲ. ನಾನು ಕೇಳಿದ್ದು ಒಂದೇ: ಹಿಂದಿನದೇ ಬೇಕಾ ಮೇಷ್ಟ್ರೇ ಅಂತ. ಹೌದು, ಹಿಂದಿನದೇ ಅಂದ್ರು. ಸರಿಯಾಗಿ ಯೋಚನೆ ಮಾಡಿ ಅಂದೆ. 'ಸ್ಪಷ್ಟವಾಗಿ ಬರೆದಿದೆಯಲ್ಲ, ಓದಲು ಬರುವುದಿಲ್ಲವೇ?' ಅಂದ್ರು. ಓದಲು ಬರುತ್ತೆ ಸ್ವಾಮಿ. ಹಿಂದಿನದು ಅಂತ ಓದಿದೆ, ಹಿಂದಿನ ಮಾಡೆಲಿಂದು ಕೊಟ್ಟೆ."

ಭಾವ ಚೀಟಿಯ ಕಡೆ ಕತ್ತು ಚಾಚಿದ. ಆಮೇಲೆ, "ಹಿಂದಿನ ಎಂದರೆ... ಹಿಂದೆ ಇರುವ. ಇಲ್ಲಿ ಅದು ಸ್ಥಳವನ್ನು ಸೂಚಿಸುತ್ತದೆ" ಎಂದ.

"ಮತ್ತೆ ನಾನು, ಮುಂದಿನ ವಾರ ಬನ್ನಿ ಅಂದ್ರೆ ನೀವು ಗಾಡಿ ಮುಂದುಗಡೆ ಬಂದು ನಿಲ್ತೀರಾ?" ಎಂದ ವಾಷರಣ್ಣ.

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ನಕ್ಕರು. ಭಾವನ ಕಿವಿ ಕೆಂಪಾಯಿತು. ಚೀಟಿಯನ್ನು ಕೈಗೆ ತೆಗೆದುಕೊಂಡು ತನ್ನದೇ ದುಂಡಗಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಮಕ್ಕಳ ಉತ್ತರ ಪತ್ರಿಕೆ ನೋಡುವಾಗ ಮಾಡುವ ಮುಖ ಅದು. ನಾನು ಬಲ್ಲೆ, ಅಂಥ ಮೇಷ್ಟ್ರುಗಳ ಕೆಳಗೆ ಏಳು ವರ್ಷ ಕೂತಿದ್ದೇನೆ.

"ಎರಡು ಅರ್ಥವೂ ಬರುತ್ತದೆ" ಎಂದ ಕೊನೆಗೆ, ಯಾರಿಗೂ ಅಲ್ಲ ಎಂಬಂತೆ.

ಕೆಂಪು ಪೆನ್ನು ಹೊರಗೆ ಬಂತು. 'ಹಿಂದಿನ' ಎಂಬುದರ ಮೇಲೆ ಒಂದು ಗೆರೆ ಎಳೆದ. ಪೆನ್ನು ಎತ್ತಿಕೊಂಡು ನಿಂತ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಹೊಳೆಯಲಿಲ್ಲ.

"ಡಿಕ್ಕಿ ಕಡೆದು ಅಂತ ಬರೀರಿ" ಎಂದೆ.

"ಡಿಕ್ಕಿ ಎಂದರೆ ಅಪಘಾ..." ಎಂದು ಶುರುಮಾಡಿದವನು ನನ್ನ ಮುಖ ನೋಡಿ, ತಾನೇ ಬಾಯಿ ಮುಚ್ಚಿದ. ಬರೆದ.

ವಾಷರಣ್ಣ ಎಣ್ಣೆ ಕೈ ತಾಗಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಒಂದು ಸಲ ಹೇಳಿದ. ನನ್ನ ಕಣ್ಣು ನೋಡಿ ಎರಡನೇ ಸಲ ಹೇಳಲಿಲ್ಲ. ಹೊಸ ಡಬ್ಬಗಳನ್ನು ಇಳಿಸಿ ಕೊಟ್ಟ. ನಾನು ನಂಬರನ್ನು ಗಟ್ಟಿಯಾಗಿ ಓದಿ, ಅವನ ಪುಸ್ತಕದಲ್ಲಿ ಗಾಡಿಯ ವರ್ಷದ ಎದುರಿಗೆ ಬೆರಳಿಟ್ಟು ನೋಡಿ, ಹಳೆಯದನ್ನೂ ಹೊಸದನ್ನೂ ಕೌಂಟರಿನ ಮೇಲೆ ಪಕ್ಕಪಕ್ಕ ಮಲಗಿಸಿದೆ. ಉದ್ದ ಕೂಡಿತು. ಬೆಳಿಗ್ಗೆಯೇ ಮಾಡಬೇಕಾದ ಕೆಲಸವನ್ನು ಮಧ್ಯಾಹ್ನ ಮಾಡಿದ್ದಕ್ಕೆ ಬುದ್ಧಿವಂತನ ಹಾಗೆ ತಲೆಯಾಡಿಸಿದೆ. ಯಾರೂ ಗಮನಿಸಲಿಲ್ಲ, ಪುಣ್ಯ.

ಎರಡನೇ ಸಲದ ಕೆಲಸ ಬೇಗ ಮುಗಿಯಿತು. ಮಾತೇ ಇರಲಿಲ್ಲವಲ್ಲ. ಟಾರ್ಚಿನ ಬೆಳಕು ಬೋಲ್ಟಿನ ಮೇಲೆಯೇ ಇತ್ತು, ಗೋಡೆಯ ಕಡೆ ಒಮ್ಮೆಯೂ ಹೋಗಲಿಲ್ಲ. ಕೆಳಗಿನ ಬೋಲ್ಟುಗಳನ್ನು ಗಾಡಿ ಎತ್ತರದಲ್ಲಿ ನೇತಾಡುವಾಗ ಕೊನೆಯ ಬಿಗಿ ಕೊಡಬಾರದು. ಕೊಟ್ಟರೆ ಒಳಗಿನ ರಬ್ಬರು ತಿರುಚಿಕೊಂಡೇ ಕೂತು, ಬೇಗ ಸವೆದು ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ, ಗಾಡಿಯ ಮೇಲೆ ಭಾರ ಬಿದ್ದ ಮೇಲೆಯೇ ಬಿಗಿಯಬೇಕು.

"ಈಗ ಭಾರ ಬೇಕು. ಅಕ್ಕ ಇರೋ ಜಾಗದಲ್ಲಿ" ಎಂದೆ.

ಭಾವ ಚಪ್ಪಲಿ ಬಿಟ್ಟು, ಹೋಗಿ ಹಲಗೆಯ ಮೇಲೆ ಮಲಗಿದ. ನಾನು ಅವನ ಬೆನ್ನಿನ ಕೆಳಗೆ ನೆಲದ ಮೇಲೆ ಮಲಗಿ, ಎರಡೂ ಬೋಲ್ಟನ್ನು ಬಿಗಿದೆ. ಬಿಗಿದು ಹೊರಗೆ ಬಂದರೆ ಅವನು ಏಳಲಿಲ್ಲ.

"ಆಯ್ತು, ಇಳೀರಿ ಭಾವ."

"ಇಳಿಯುವುದಿಲ್ಲ. ಆ ಗುಂಡಿಗೇ ಬಿಡು."

"ಯಾವ ಗುಂಡಿಗೆ?"

"ಅದೇ ಗುಂಡಿಗೆ. ಇನ್ನೂ ಜೋರಾಗಿ ಬಿಡು."

ಬಿಟ್ಟೆ. ಹಿಂಬದಿ ಇಳಿಯಿತು, ಒಮ್ಮೆ ಎದ್ದಿತು, ನಿಂತಿತು. ಧಡ್ ಇಲ್ಲ. ಹಲಗೆಯ ಮೇಲಿಂದ ಯಾವ ವರದಿಯೂ ಬರಲಿಲ್ಲ. ಮೂರು ಸಲ ಹೋಗಿ ಬಂದೆವು. ನಾಲ್ಕನೇ ಸಲಕ್ಕೂ ಅವನು ತಯಾರಿದ್ದ. ನನ್ನ ಸೊಂಟವೇ ಬೇಡ ಎಂದಿತು.

ಸಂಜೆ ಅಕ್ಕ ವಿಚಾರಣೆ ನಡೆಸಿದಳು. ಭಾವ ನಡೆದದ್ದೆಲ್ಲ ಹೇಳಿದ. ರಸ್ತೆಯ ಮೇಲೋ, ಅಂಗಡಿಯವನ ಮೇಲೋ, ನನ್ನ ಏಳನೇ ಕ್ಲಾಸಿನ ಮೇಲೋ ಹಾಕುತ್ತಾನೆ ಎಂದು ನಾನು ಕಾಯುತ್ತಿದ್ದೆ. "ನಾನು ಬರೆದದ್ದು ಸರಿಯಿರಲಿಲ್ಲ" ಎಂದುಬಿಟ್ಟ. ಅಕ್ಕ ನನ್ನ ಕಡೆ ತಿರುಗಿದಳು. ತಲೆ ತಿರುಗಿಸುವ ಹಾಗಿಲ್ಲ, ಕಣ್ಣು ಮಾತ್ರ ತಿರುಗಿಸಿದಳು.

"ಅವರು ತಪ್ಪು ತಂದ್ರು. ಹಾಕಿದವನು ನೀನಲ್ವಾ? ನೀನೇನು ಮಾಡ್ತಾ ಇದ್ದೆ?"

"ಅವರನ್ನ ಬೈತಾ ಇದ್ದೆ."

"ಚೆನ್ನಾಗಿದೆ. ಒಬ್ಬರು ತಿದ್ದುತಾ ಇದ್ರಂತೆ, ಇನ್ನೊಬ್ಬ ಬೈತಾ ಇದ್ನಂತೆ. ಮಧ್ಯದಲ್ಲಿ ನನ್ನ ಸ್ಕ್ರೂ ಕಳಚಿ ಬೀಳ್ತಿತ್ತು. ನಾಳೆ ಇಬ್ಬರೂ ಬಾಯಿ ಮುಚ್ಕೊಂಡು ಕರ್ಕೊಂಡು ಹೋಗಿ."

ಗುರುವಾರ ಬೆಳಿಗ್ಗೆ ಆರೂವರೆಗೆ ಹೊರಟೆವು. ಗಾಡಿ ನಾನು ಓಡಿಸಿದೆ, ಭಾವ ಪಕ್ಕದಲ್ಲಿ ಕೂತ. ಅಕ್ಕ ಮೊದಲ ಇಪ್ಪತ್ತು ಕಿಲೋಮೀಟರು ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಪ್ರತಿ ಗುಂಡಿಗೂ ಮೊದಲೇ ಉಸಿರು ಬಿಗಿಹಿಡಿಯುವುದು ನನಗೆ ಕೇಳುತ್ತಿತ್ತು. ಸೇತುವೆ ದಾಟಿದ ಮೇಲೆ ಆ ಉಸಿರಿನ ಸದ್ದು ನಿಂತಿತು. "ಇಲ್ಲಿ ಗುಂಡಿ ಇತ್ತಲ್ಲೋ, ಮುಚ್ಚಿದ್ದಾರಾ?" ಎಂದು ಕೇಳಿದಳು. ಯಾರೂ ಮುಚ್ಚಿರಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಯಿತು. ಡಾಕ್ಟರು ಹಳೆಯ ಫಿಲ್ಮನ್ನೂ ಹೊಸ ಫಿಲ್ಮನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಸಿಕ್ಕಿಸಿ, ಸ್ಕೇಲು ಹಿಡಿದು ಅಳೆದರು. ಭಾವ ಗೋಡೆಗೆ ಒರಗಿ ನಿಂತಿದ್ದ, ನಾನು ಬಾಗಿಲ ಹತ್ತಿರ. 

"ಜರುಗಿಲ್ಲ. ಹೋದ ಸಲ ಎಲ್ಲಿತ್ತೋ ಅಲ್ಲೇ ಇದೆ. ಮೂಳೆ ಕೂಡಿಕೊಳ್ತಾ ಇದೆ. ಹೇಗೆ ಕರ್ಕೊಂಡು ಬಂದ್ರಿ?"

ಭಾವ ಹೇಳುವುದಕ್ಕೆ ಬಾಯಿ ತೆರೆದ. ಈಗ ವ್ಯಾಖ್ಯಾನ ಶುರುವಾಯಿತು, ಇನ್ನು ಡಾಕ್ಟರಿಗೂ ಬಿಡುಗಡೆಯಿಲ್ಲ ಎಂದುಕೊಂಡೆ. ಅವನು, "ನಿಧಾನವಾಗಿ" ಎಂದಷ್ಟೇ ಹೇಳಿದ.

ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಹಿಂದಿನಿಂದ ಒಂದು ಸದ್ದು ಶುರುವಾಯಿತು. ಏನೋ ಉಜ್ಜುತ್ತಿದೆ ಎಂದುಕೊಂಡೆ. ವೇಗ ಕಡಿಮೆ ಮಾಡಿ ಕಿವಿಗೊಟ್ಟೆ. ಅಕ್ಕ ಗೊರಕೆ ಹೊಡೆಯುತ್ತಿದ್ದಳು. ಆಪರೇಷನ್ ಆದಾಗಿನಿಂದ ಎರಡು ಗಂಟೆ ಒಟ್ಟಿಗೆ ನಿದ್ದೆ ಮಾಡಿದ್ದಿಲ್ಲ ಅವಳು.

ರೈಲ್ವೆ ಗೇಟು ಹಾಕಿತ್ತು. ಭಾವ ನೀರು ತರುತ್ತೇನೆಂದು ಕೈಸನ್ನೆ ಮಾಡಿ ಇಳಿದ. ಬಂದು ಕೂತು, ಅವಳಿಗೆ ಎಚ್ಚರವಾಗಬಾರದೆಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ. ಹತ್ತೊಂಬತ್ತು ವರ್ಷದ ಬಾಗಿಲು, ದಬಾರನೆ ಬಡಿಯದಿದ್ದರೆ ಕಚ್ಚಿಕೊಳ್ಳುವುದಿಲ್ಲ. ಮತ್ತೊಮ್ಮೆ ಮೆಲ್ಲಗೆ ಎಳೆದ. ಕಚ್ಚಲಿಲ್ಲ. ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ. ಗೇಟು ತೆಗೆದರು, ಹಿಂದಿದ್ದ ಲಾರಿ ದೀಪ ಮಿನುಗಿಸಿತು, ಗಾಡಿ ಬಿಟ್ಟೆ.

ಅಲ್ಲಿಂದ ಮನೆ ಮೂವತ್ತು ಕಿಲೋಮೀಟರು. ಅಷ್ಟು ದೂರವೂ ಅವನು ಬಾಗಿಲಿನ ಹಿಡಿಯನ್ನು ಎರಡೂ ಕೈಯಿಂದ ಒಳಕ್ಕೆ ಎಳೆದು ಹಿಡಿದುಕೊಂಡೇ ಕೂತಿದ್ದ. ತಿರುವುಗಳಲ್ಲಿ ಬೆರಳಿನ ಗಿಣ್ಣುಗಳು ಬೆಳ್ಳಗಾಗುತ್ತಿದ್ದವು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಎಲ್ಲಾದರೂ ನಿಲ್ಲಿಸಿ ಒಂದೇ ಏಟಿಗೆ ಬಾಗಿಲು ಬಡಿದು ಕೊಡಬಹುದಿತ್ತು. ಬಡಿದರೆ ಅಕ್ಕ ಎದ್ದುಬಿಡುತ್ತಾಳೆ. ಆ ಕೈಗಳು ಜೀವಮಾನದಲ್ಲಿ ಮಾಡಿದ ಮೊದಲ ಕೆಲಸ ಇದಿರಬೇಕು ಎನ್ನಿಸಿತು. ಮಾಡಲಿ ಎಂದು ನಾನೂ ಅವಸರ ಮಾಡದೆ, ಮೂರನೇ ಗೇರಿನಲ್ಲೇ ಮನೆ ತನಕ ಓಡಿಸಿದೆ.